ತಪ್ಪಲೆಯಿಂದ ಕೊಪ್ಪರಿಗೆಗೆ: ರಾಸಾಯನಿಕ ಎಂಜಿನಿಯರಿಂಗಿನಲ್ಲಿ ಬಿ.ಇ. ಆದಮೇಲೆ ಮುಂದೇನು?

ಮಗ ಸಿವಿಲ್ ಎಂಜಿನಿಯರಾದರೆ ಸೇತುವೆ ಕಟ್ಟುತ್ತಾನೆ. ಮಗಳು ವೈದ್ಯಳಾದರೆ ರೋಗಿಗಳನ್ನು ನೋಡುತ್ತಾಳೆ. ನೆಂಟರಿಷ್ಟರು ಕೇಳಿದಾಗ ಹೇಳುವುದಕ್ಕೂ ಸುಲಭ, ಕೇಳಿದವರಿಗೆ ತಿಳಿಯುವುದಕ್ಕೂ ಸುಲಭ. ಆದರೆ ಮಕ್ಕಳು ರಾಸಾಯನಿಕ ಎಂಜಿನಿಯರಿಂಗಿನಲ್ಲಿ ಬಿ.ಇ. ಓದುತ್ತಿದ್ದರೆ ತಂದೆತಾಯಿಗಳಿಗೆ ತುಸು ತೊಡಕು. “ಅಂದರೆ ಕೆಮಿಸ್ಟ್ರಿಯೇ?” ಎನ್ನುತ್ತಾರೆ ಒಬ್ಬರು. “ಔಷಧದ ಅಂಗಡಿ ಇಡುವುದೇ?” ಎನ್ನುತ್ತಾರೆ ಇನ್ನೊಬ್ಬರು. ಇಂಥ ಪ್ರಶ್ನೆಗಳಿಗೆ ನಕ್ಕು ಸುಮ್ಮನಾಗಬಹುದು. ಕಡೆಯ ವರ್ಷ ಬಂದಾಗ ಮನೆಯೊಳಗೇ ಏಳುವ ಪ್ರಶ್ನೆಗೆ ಮಾತ್ರ ಹಾಗೆ ನಕ್ಕು ಸುಮ್ಮನಾಗುವಂತಿಲ್ಲ. ಕೆಲಸಕ್ಕೆ ಸೇರುವುದೋ, ಮುಂದೆ ಓದುವುದೋ? ಓದುವುದಾದರೆ ಯಾವುದನ್ನು, ಎಲ್ಲಿ, ಯಾರ ಹಣದಲ್ಲಿ?

ಎಲ್ಲರಿಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಉತ್ತರವನ್ನು ಹುಡುಕುವ ಕ್ರಮವೊಂದುಂಟು. ಮೊದಲು ಪದವಿಯ ಹೆಸರನ್ನು ಆರಿಸಿಕೊಂಡು, ಅದು ಕೈಸೇರಿದ ಮೇಲೆ ಕೆಲಸ ಹುಡುಕುವುದು ನಮ್ಮಲ್ಲಿ ರೂಢಿ. ಈ ಶಾಸ್ತ್ರದ ಮಟ್ಟಿಗಂತೂ ಅದು ತಲೆಕೆಳಗಾದ ಕ್ರಮ. ಯಾವ ಕೆಲಸದಲ್ಲಿ ಮನಸ್ಸಿದೆ ಎಂಬುದು ಮೊದಲು ಗೊತ್ತಾಗಬೇಕು. ಅದಕ್ಕೆ ಬೇಕಾದ ಪದವಿಯನ್ನೂ, ಅದಕ್ಕೆ ತೆರಬೇಕಾದ ಬೆಲೆಯನ್ನೂ ಆಮೇಲೆ ತೂಗಬೇಕು. ಹಾಗೆ ತೂಗಬೇಕಾದರೆ ಈ ವಿದ್ಯೆ ಏನೆಂಬುದನ್ನು ಓದುವವರು ಮಾತ್ರವಲ್ಲ, ಓದಿಸುವವರೂ ಸ್ವಲ್ಪ ತಿಳಿದಿರಬೇಕು.

ಅಡಿಗೆ ಭಟ್ಟರ ಶಾಸ್ತ್ರ

ನಾಲ್ವರ ಮನೆಗೆ ಸೊಗಸಾಗಿ ಅನ್ನ ಮಾಡಬಲ್ಲ ಗೃಹಿಣಿಯನ್ನು ಸಾವಿರ ಎಲೆಯ ಮದುವೆಯ ಅಡಿಗೆಮನೆಗೆ ಕರೆದೊಯ್ದು ನಿಲ್ಲಿಸಿ. ಅಕ್ಕಿ ಅದೇ, ನೀರು ಅದೇ, ಬೆಂಕಿಯೂ ಅದೇ. ಆದರೂ ಮನೆಯ ಅಳತೆಯನ್ನು ಇನ್ನೂರೈವತ್ತರಿಂದ ಗುಣಿಸಿ ಒಂದೇ ಕೊಪ್ಪರಿಗೆಗೆ ಸುರಿದರೆ ತಳ ಹತ್ತುತ್ತದೆ, ನಡುವಿನ ಅಕ್ಕಿ ಬೇಯದೆ ಉಳಿಯುತ್ತದೆ. ಅನುಭವಿಗಳಾದ ಅಡಿಗೆ ಭಟ್ಟರು ಬೆಂದ ಅನ್ನವನ್ನು ಬಸಿದು ಚಾಪೆಯ ಮೇಲೆ ಹರಡುತ್ತಾರೆ. ರಾಶಿಯಾಗಿಯೇ ಬಿಟ್ಟರೆ ಒಳಗಿನ ಕಾವು ಹೊರಬರಲು ದಾರಿಯಿಲ್ಲದೆ ಅನ್ನ ಮುದ್ದೆಯಾಗುವುದೆಂದು ಅವರಿಗೆ ಗೊತ್ತು.

ಇದರ ಹಿಂದಿರುವುದು ಸರಳವಾದ ಗಣಿತ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತು ಪಟ್ಟು ಹೆಚ್ಚಿಸಿದರೆ ಅದರಲ್ಲಿ ಹಿಡಿಸುವ ದ್ರವ 1,000 ಪಟ್ಟಾಗುತ್ತದೆ. ಕಾವನ್ನು ಒಳಗೆ ಬಿಟ್ಟುಕೊಳ್ಳುವ ಅಥವಾ ಹೊರಗೆ ಬಿಡುವ ಪಾತ್ರೆಯ ಮೈ ಮಾತ್ರ 100 ಪಟ್ಟಾಗುತ್ತದೆ. ಎಂದರೆ ಒಂದೊಂದು ಲೀಟರಿನ ಪಾಲಿಗೆ ಬರುವ ಮೈ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ರಸಾಯನಶಾಸ್ತ್ರಜ್ಞನು ಗಾಜಿನ ಬುಡ್ಡಿಯಲ್ಲಿ ತೋರಿಸಿಕೊಟ್ಟ ಕ್ರಿಯೆಯನ್ನು ಹತ್ತು ಸಾವಿರ ಲೀಟರಿನ ಉಕ್ಕಿನ ಹಂಡೆಯಲ್ಲಿ, ಅದೇ ಗುಣದೊಡನೆ, ಅಪಾಯವಿಲ್ಲದೆ, ಕೈಗೆಟುಕುವ ಬೆಲೆಯಲ್ಲಿ ಮಾಡಿ ತೋರಿಸುವುದೇ ರಾಸಾಯನಿಕ ಎಂಜಿನಿಯರನ ಕೆಲಸ. ತಪ್ಪಲೆಯಿಂದ ಕೊಪ್ಪರಿಗೆಗೆ ಹೋಗುವ ವಿದ್ಯೆ ಇದು.

ಈ ಲೆಕ್ಕವನ್ನು ಮರೆತರೆ ಏನಾಗುವುದೆಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ತುಂಬಿದ್ದ ಒಂದೇ ಹಂಡೆಯೊಳಕ್ಕೆ ನೀರು ಸೇರಿತು. ಹುಟ್ಟಿದ ಕಾವು ಹೊರಹೋಗಲಿಲ್ಲ. ಕಾವು ಏರಿದಂತೆ ಕ್ರಿಯೆಯ ವೇಗವೂ ಏರಿತು. ಹಂಡೆಯನ್ನು ತಂಪಾಗಿಡಬೇಕಾಗಿದ್ದ ಯಂತ್ರವನ್ನು ಅದಕ್ಕೆ ಮೊದಲೇ ನಿಲ್ಲಿಸಲಾಗಿತ್ತು. ಮಲಗಿದ್ದ ಊರಿನ ಮೇಲೆ ವಿಷಾನಿಲ ಹರಡಿ ಸಾವಿರಾರು ಜನ ಮಡಿದರು. ಅಂದಿನಿಂದ ಕಾರ್ಖಾನೆಯ ಸುರಕ್ಷತೆಯೆಂಬುದು ಈ ಶಾಸ್ತ್ರದ ದೊಡ್ಡದೊಂದು ಕವಲಾಗಿ ಬೆಳೆದಿದೆ. ಮುಂದೆ ಓದಬೇಕೆನ್ನುವವರು ಅದನ್ನೂ ಒಂದು ಜೀವನೋಪಾಯವೆಂದು ಎಣಿಸಬಹುದು. ಅದಕ್ಕಿಂತ ಮಿಗಿಲಾದ ಸೇವೆಯೂ ಈ ಶಾಸ್ತ್ರದಲ್ಲಿ ವಿರಳ.

ಬೆಂಗಳೂರಿನ ಗಂಧ, ಮುಂಬಯಿಯ ಬಣ್ಣ

ಈ ವಿದ್ಯೆಗೆ ಒಂದು ಹೆಸರು ಬಂದು ಬಹುಕಾಲವೇನೂ ಆಗಿಲ್ಲ. 1887ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಡೇವಿಸ್ ಎಂಬಾತ ಹನ್ನೆರಡು ಉಪನ್ಯಾಸಗಳನ್ನು ಕೊಟ್ಟ. ಮರುವರ್ಷ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇದೇ ಹೆಸರಿನ ಪಾಠಕ್ರಮ ಆರಂಭವಾಯಿತು. ಸಾಬೂನಾಗಲಿ, ಸಕ್ಕರೆಯಾಗಲಿ, ಸೀಮೆಎಣ್ಣೆಯಾಗಲಿ, ತಯಾರಿಕೆಯನ್ನು ಬಿಡಿಸಿ ನೋಡಿದರೆ ಕಾಯಿಸುವುದು, ಭಟ್ಟಿ ಇಳಿಸುವುದು, ಸೋಸುವುದು, ಒಣಗಿಸುವುದು ಮೊದಲಾದ ಕೆಲವೇ ಮೂಲಕ್ರಿಯೆಗಳು ಮತ್ತೆ ಮತ್ತೆ ಬರುತ್ತವೆಂದು 1915ರಲ್ಲಿ ಆರ್ಥರ್ ಲಿಟ್ಲ್ ತೋರಿಸಿಕೊಟ್ಟ. ಆದ್ದರಿಂದಲೇ ಸಕ್ಕರೆ ಕಾರ್ಖಾನೆಯಲ್ಲಿ ಪಳಗಿದವನು ಔಷಧದ ಕಾರ್ಖಾನೆಯಲ್ಲಿಯೂ ಪರಕೀಯನಾಗುವುದಿಲ್ಲ.

ನಮ್ಮ ದೇಶದಲ್ಲಿ 1921ರಲ್ಲಿ ಬಂಗಾಳದ ಜಾದವಪುರದಲ್ಲಿ ಹೀರಾಲಾಲ್ ರಾಯ್ ಅವರು ಈ ಶಾಸ್ತ್ರದ ಬೋಧನೆಗೆ ನಾಂದಿ ಹಾಡಿದರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ ಹುಟ್ಟಿತು. ಬಟ್ಟೆ ಗಿರಣಿಗಳ ಊರಿನಲ್ಲಿ ಬಣ್ಣಗಳ ರಸಾಯನವನ್ನು ಬಲ್ಲವರ ಅಗತ್ಯ ಎಷ್ಟಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಆ ವಿಭಾಗವೇ ಬೆಳೆದು 2008ರಿಂದ ಪ್ರತ್ಯೇಕ ವಿಶ್ವವಿದ್ಯಾಲಯದ ಸ್ಥಾನ ಪಡೆದು ಇಂದು ‘ಐ.ಸಿ.ಟಿ.’ ಎಂದು ಹೆಸರಾಗಿದೆ.

ಕನ್ನಡ ನಾಡಿನ ಪಾಲೂ ಕಡಮೆಯದಲ್ಲ. ಮೊದಲನೆಯ ಮಹಾಯುದ್ಧದ ದೆಸೆಯಿಂದ ಮೈಸೂರಿನ ಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತಾಗ, ಎಣ್ಣೆಯನ್ನು ಇಲ್ಲಿಯೇ ತೆಗೆದರೇನು ಎಂಬ ಯೋಚನೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಭಟ್ಟಿ ಇಳಿಸಿ ನೋಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ ಗಂಧದೆಣ್ಣೆಯ ಉದ್ಯಮವೂ, ಅದರ ಹಿಂದೆಯೇ ಸಾಬೂನಿನ ಕಾರ್ಖಾನೆಯೂ ಎದ್ದವು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಂಸ್ಥಾನವೇ ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ವಿದ್ಯೆಯನ್ನು ಕಲಿಸಿತು. ಅವರು ಹಿಂದಿರುಗಿ ‘ಸೋಪ್ ಶಾಸ್ತ್ರಿ’ಗಳೆಂದೇ ಮನೆಮಾತಾದರು. ವಾಟ್ಸನ್ ಮುಂದೆ 1934ರಲ್ಲಿ ಲಂಡನ್ ಯೂನಿವರ್ಸಿಟಿ ಕಾಲೇಜಿನ ರಾಸಾಯನಿಕ ಎಂಜಿನಿಯರಿಂಗ್ ಪೀಠವನ್ನೇರಿದ.

ಶಾಸ್ತ್ರಿಗಳ ವ್ಯಾಸಂಗದಲ್ಲಿ ಗಮನಿಸಬೇಕಾದ ಒಂದಂಶವುಂಟು. ಅವರು ಕಲಿಯಹೋದದ್ದು ಕೇವಲ ಒಂದು ಪದವಿಯ ಹೆಸರಿಗಾಗಿ ಅಲ್ಲ. ಬೆಂಗಳೂರಿನಲ್ಲಿ ಮಾಡಬೇಕಾಗಿದ್ದ ಒಂದು ಕೆಲಸಕ್ಕಾಗಿ. ಖರ್ಚನ್ನು ಹೊತ್ತದ್ದೂ ಆ ಕೆಲಸದಿಂದ ಲಾಭ ಪಡೆಯಲಿದ್ದವರೇ. ಇಂದಿನ ಮಕ್ಕಳೂ ಈ ಎರಡು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಆಯ್ಕೆ ಎಷ್ಟೋ ಸುಲಭವಾದೀತು.

ಬೂಷ್ಟಿನಿಂದ ಬಂದ ಸಂಜೀವಿನಿ

ಜೀವರಾಸಾಯನಿಕ ಎಂಜಿನಿಯರಿಂಗ್ ಎಂಬ ತಂಗಿಯ ಕಥೆ ಇನ್ನೂ ರೋಚಕವಾದುದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡ ಸಂಗತಿ ಶಾಲಾಬಾಲಕರಿಗೂ ಗೊತ್ತು. ಹನ್ನೆರಡು ವರ್ಷ ಕಳೆದರೂ ಅದು ರೋಗಿಗಳ ಕೈಗೆ ಬಂದಿರಲಿಲ್ಲವೆಂಬುದು ಎಲ್ಲರಿಗೂ ತಿಳಿದಿರಲಾರದು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ವೈದ್ಯರು ಸಾವಿನ ಅಂಚಿನಲ್ಲಿದ್ದ ಒಬ್ಬ ಪೊಲೀಸನಿಗೆ ಅದನ್ನು ಚುಚ್ಚಿದರು. ಆತ ಚೇತರಿಸಿಕೊಳ್ಳತೊಡಗಿದ. ಆದರೆ ಮದ್ದು ಮುಗಿದುಹೋಯಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ತೆಗೆದು ಕೊಟ್ಟರೂ ಸಾಲಲಿಲ್ಲ. ಮಾರ್ಚಿಯಲ್ಲಿ ಆತ ತೀರಿಕೊಂಡ. ಮದ್ದು ಯಾವುದೆಂದು ಗೊತ್ತಿತ್ತು, ಬೇಕಾದಷ್ಟು ಮಾಡುವ ಬಗೆ ಗೊತ್ತಿರಲಿಲ್ಲ.

ಏಕೆಂದರೆ ಆ ಬೂಷ್ಟು ಬೆಳೆಯುತ್ತಿದ್ದುದು ಗಾಳಿಗೆ ಒಡ್ಡಿದ ದ್ರವದ ಮೇಲುಗಡೆ ಮಾತ್ರ. ನೀರಿನಲ್ಲಿ ಕರಗುವ ಆಮ್ಲಜನಕ ಬಹಳ ಅಲ್ಪ. ಲೀಟರಿಗೆ ಏಳೆಂಟು ಮಿಲಿಗ್ರಾಂ. ಆಳವಾದ ಹಂಡೆಯಲ್ಲಿ ದಟ್ಟವಾಗಿ ಬೆಳೆದ ಬೂಷ್ಟು ಅದನ್ನು ಕ್ಷಣಮಾತ್ರದಲ್ಲಿ ಹೀರಿ ಉಸಿರುಗಟ್ಟುತ್ತದೆ. ಅದಕ್ಕೆ ಎಡೆಬಿಡದೆ ಗಾಳಿ ಊದಬೇಕು. ಊದುವ ಗಾಳಿಯಲ್ಲಿ ಬೇರೊಂದು ಸೂಕ್ಷ್ಮಜೀವಿಯೂ ಇರಕೂಡದು. ದ್ರವವನ್ನು ಕಲಕುತ್ತಿರಬೇಕು, ಆದರೆ ಬೂಷ್ಟಿನ ಎಳೆಗಳು ಹರಿಯಕೂಡದು. ನೊರೆ ಉಕ್ಕಿ ಚೆಲ್ಲಕೂಡದು. ಇಡ್ಲಿ ಹಿಟ್ಟು ರಾತ್ರಿ ಉಕ್ಕಿ ಪಾತ್ರೆಯಿಂದ ಹೊರಬಂದುದನ್ನು ಕಂಡವರಿಗೆ ಈ ಕಷ್ಟದ ಒಂದಂಶವಾದರೂ ಅರ್ಥವಾದೀತು.

ಇದನ್ನು ಗೆದ್ದವರು ರಾಸಾಯನಿಕ ಎಂಜಿನಿಯರುಗಳು. 1944ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ಹಳೆಯದೊಂದು ಮಂಜುಗಡ್ಡೆ ಕಾರ್ಖಾನೆಯೊಳಗೆ, ಫೈಜರ್ ಕಂಪನಿ ಹದಿನಾಲ್ಕು ಹಂಡೆಗಳನ್ನು ಹೂಡಿತು. ಒಂದೊಂದರಲ್ಲಿಯೂ ಸುಮಾರು 28,000 ಲೀಟರು ಹಿಡಿಯುತ್ತಿತ್ತು. ಆಳವಾದ ಹಂಡೆಯಲ್ಲಿ ಪೆನಿಸಿಲಿನ್ ತಯಾರಿಸುವ ಕಾರ್ಖಾನೆಯ ವಿನ್ಯಾಸದಲ್ಲಿ ಮುಖ್ಯಪಾತ್ರ ವಹಿಸಿದವರು ಮಾರ್ಗರೆಟ್ ಹಚಿನ್ಸನ್ ರೂಸೋ. 1937ರಲ್ಲಿ ಮೆಸಾಚುಸೆಟ್ಸ್ ಸಂಸ್ಥೆಯಿಂದ ಡಾಕ್ಟರೇಟ್ ಪಡೆದ ಆಕೆ, ಅಮೆರಿಕದಲ್ಲಿ ಈ ಶಾಸ್ತ್ರದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ವಿದ್ಯೆ ನಮ್ಮ ದೇಶಕ್ಕೂ ಬಂದಿತು. 1954ರಲ್ಲಿ ಪುಣೆಯ ಬಳಿ ಪಿಂಪರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸ್ಥಾಪಿತವಾಗಿ ಮರುವರ್ಷದಿಂದ ಪೆನಿಸಿಲಿನ್ ತಯಾರಾಗತೊಡಗಿತು.

ಇಂದು ಇನ್ಸುಲಿನ್, ಹಲವು ಲಸಿಕೆಗಳು, ಹಲವು ಕಿಣ್ವಗಳು ಇಂಥ ಹಂಡೆಗಳಲ್ಲೇ ಹುಟ್ಟುತ್ತವೆ. 2025ರಲ್ಲಿ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಆ ಎಥನಾಲ್ ಕೂಡ ಕಬ್ಬಿನ ಕಾಕಂಬಿಯನ್ನೋ ಧಾನ್ಯವನ್ನೋ ಹುದುಗಿಸಿ ಭಟ್ಟಿ ಇಳಿಸಿದುದೇ. ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಸೀಮೆಗೂ ಬೆಂಗಳೂರಿನ ಔಷಧ ಕಾರ್ಖಾನೆಗಳಿಗೂ ನಂಟು ಬೆಸೆದಿರುವುದು ಈ ಒಂದು ವಿದ್ಯೆ.

ಸ್ವದೇಶದಲ್ಲಿರುವ ಹಾದಿಗಳು

ಇನ್ನು ವ್ಯಾಸಂಗದ ಮಾತು. ನಮ್ಮಲ್ಲಿ ಎಂ.ಟೆಕ್. ವ್ಯಾಸಂಗದ ಹೆಬ್ಬಾಗಿಲು ‘ಗೇಟ್’ ಪರೀಕ್ಷೆ. ವಿಜ್ಞಾನ ಸಂಸ್ಥೆಯೂ ಐ.ಐ.ಟಿ.ಗಳೂ ಸೇರಿ ಅದನ್ನು ನಡೆಸುತ್ತವೆ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಮೂರು ಗಂಟೆಗಳ ಕಾಲ, ಗಣಕಯಂತ್ರದ ಮುಂದೆ ಕುಳಿತು ಬರೆಯುವ ಪರೀಕ್ಷೆ, ಅಂಕ 100. ರಾಸಾಯನಿಕ ಎಂಜಿನಿಯರಿಂಗಿಗೆ ಒಂದು ಪತ್ರಿಕೆಯೂ ಜೀವತಂತ್ರಜ್ಞಾನಕ್ಕೆ ಇನ್ನೊಂದು ಪತ್ರಿಕೆಯೂ ಇವೆ. ಪಡೆದ ಅಂಕ ಮೂರು ವರ್ಷ ಸಲ್ಲುತ್ತದೆ. ಮೂರನೆಯ ವರ್ಷದ ವಿದ್ಯಾರ್ಥಿಗಳೂ ಬರೆಯಬಹುದಾದ್ದರಿಂದ ಕಡೆಯ ವರ್ಷದವರೆಗೆ ಕಾಯಬೇಕಾಗಿಲ್ಲ. ಕೆಲವು ಸಾರ್ವಜನಿಕ ವಲಯದ ಕಂಪನಿಗಳು ಇದೇ ಅಂಕವನ್ನು ನೋಡಿ ಕೆಲಸಕ್ಕೂ ಕರೆಯುತ್ತವೆ. ಆದುದರಿಂದ ಓದು, ಉದ್ಯೋಗ ಎರಡಕ್ಕೂ ಈ ಪರೀಕ್ಷೆಯ ಸಿದ್ಧತೆ ವ್ಯರ್ಥವಾಗದು.

ಎಲ್ಲಿ ಓದಬೇಕು? ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗ ಸಂಶೋಧನೆಗೆ ಹೆಸರಾದುದು. ಗಣಿತದಲ್ಲಿ ಆಸಕ್ತಿಯುಳ್ಳವರಿಗೆ, ‘ಏಕೆ’ ಎಂಬ ಪ್ರಶ್ನೆಯನ್ನು ಬಿಡದವರಿಗೆ ಅದು ತವರುಮನೆ. ಮುಂಬಯಿಯ ಐ.ಸಿ.ಟಿ. ಕಾರ್ಖಾನೆಗಳೊಡನೆ ಹಳೆಯ ಬಾಂಧವ್ಯವಿರುವ ಸಂಸ್ಥೆ. ಬಣ್ಣ, ಔಷಧ, ಎಣ್ಣೆ, ಆಹಾರ ಎಂದು ಉದ್ಯಮಗಳನ್ನೇ ಅನುಸರಿಸಿ ಅಲ್ಲಿನ ಕವಲುಗಳು ಬೆಳೆದಿವೆ. ಹಳೆಯ ಐ.ಐ.ಟಿ.ಗಳೆಲ್ಲವೂ ಈ ಶಾಸ್ತ್ರದಲ್ಲಿ ಎಂ.ಟೆಕ್. ಕಲಿಸುತ್ತವೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜೆಂದು ಹುಟ್ಟಿದುದು. ಅದರ ನೆರೆಯಲ್ಲೇ ಪಣಂಬೂರಿನ ರಸಗೊಬ್ಬರದ ಕಾರ್ಖಾನೆಯೂ ಮಂಗಳೂರಿನ ತೈಲ ಶುದ್ಧೀಕರಣಾಗಾರವೂ ಇರುವುದು ಕಣ್ಣಾರೆ ಕಂಡು ಕಲಿಯುವವರಿಗೆ ಅನುಕೂಲ. 2016ರಲ್ಲಿ ಆರಂಭವಾದ ಧಾರವಾಡದ ಐ.ಐ.ಟಿ.ಯಲ್ಲಿ ಬಿ.ಟೆಕ್. ಮಟ್ಟದಲ್ಲಿಯೇ ‘ರಾಸಾಯನಿಕ ಮತ್ತು ಜೀವರಾಸಾಯನಿಕ ಎಂಜಿನಿಯರಿಂಗ್’ ಎಂಬ ಜೋಡಿ ಹೆಸರಿನ ವ್ಯಾಸಂಗ ಬಂದಿದೆ.

ಜೀವರಾಸಾಯನಿಕ ಎಂಜಿನಿಯರಿಂಗನ್ನೇ ಅರಸುವವರು ದೆಹಲಿಯ ಐ.ಐ.ಟಿ., ವಾರಾಣಸಿಯ ಐ.ಐ.ಟಿ., ಜಾದವಪುರ ವಿಶ್ವವಿದ್ಯಾಲಯಗಳ ಕಡೆ ನೋಡಬೇಕು. ಮೂರರಲ್ಲಿಯೂ ಅದಕ್ಕಾಗಿಯೇ ವಿಭಾಗಗಳಿವೆ. ಜಾದವಪುರದಲ್ಲಿ ಆಹಾರ ತಂತ್ರಜ್ಞಾನವೂ ಅದರೊಡನೆ ಸೇರಿದೆ. ಆಹಾರದ ಉದ್ಯಮವನ್ನೇ ನೆಚ್ಚಿದವರು ದೂರ ಹೋಗಬೇಕಾಗಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ವ್ಯಾಸಂಗವುಂಟು. ಸಕ್ಕರೆ ಮತ್ತು ಮದ್ಯಸಾರದ ಉದ್ಯಮಕ್ಕೆ ಹೋಗುವವರಿಗೆ ಕಾನಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಹಳೆಯ ಗುರುಕುಲ, 1936ರಿಂದಲೂ ಇದೆ. ಬೆಳಗಾವಿಯಲ್ಲಿಯೂ ನಿಜಲಿಂಗಪ್ಪನವರ ಹೆಸರಿನ ಸಕ್ಕರೆ ಸಂಸ್ಥೆಯೊಂದಿದೆ. ಎಂ.ಟೆಕ್. ಎಂಬ ಮೂರಕ್ಷರದ ಮೋಹದಲ್ಲಿ ಇಂಥ ಸಂಸ್ಥೆಗಳ ಕಡೆ ಕಣ್ಣು ಹಾಯಿಸದಿರುವವರೇ ಬಹಳ.

ಎಂ.ಟೆಕ್.ಗೂ ಪಿಎಚ್.ಡಿ.ಗೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಎಂ.ಟೆಕ್. ಎರಡು ವರ್ಷದ ಹಾದಿ. ವಿನ್ಯಾಸ, ತಯಾರಿಕೆ, ಬೋಧನೆ ಇವುಗಳ ಕಡೆಗೆ ಒಯ್ಯುತ್ತದೆ. ಪಿಎಚ್.ಡಿ. ನಾಲ್ಕೈದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತುವ ತಪಸ್ಸು. ಸಂಶೋಧನೆಯೇ ಜೀವನವೆನ್ನುವವರಿಗೆ ತಕ್ಕುದು. ವಿಜ್ಞಾನ ಸಂಸ್ಥೆಯಲ್ಲಿಯೂ ಐ.ಐ.ಟಿ.ಗಳಲ್ಲಿಯೂ ಒಳ್ಳೆಯ ಬಿ.ಇ. ವಿದ್ಯಾರ್ಥಿಗಳು ಎಂ.ಟೆಕ್. ಮಾಡದೆಯೇ ನೇರವಾಗಿ ಪಿಎಚ್.ಡಿ.ಗೆ ಸೇರಲು ಅವಕಾಶವುಂಟು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂಥ ಸರ್ಕಾರಿ ಸಂಶೋಧನಾಲಯಗಳಲ್ಲಿಯೂ ಡಾಕ್ಟರೇಟಿಗೆ ಕೆಲಸ ಮಾಡಬಹುದು.

ಯಾರ ಹಣದಲ್ಲಿ?

ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಈಚಿನ ವರ್ಷಗಳಲ್ಲಿ ದೊರೆಯುತ್ತಿರುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಪಿಎಚ್.ಡಿ. ಸಂಶೋಧಕರ ವೇತನವನ್ನು 2023ರಲ್ಲಿ ಹೆಚ್ಚಿಸಿ, ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಇದರಲ್ಲಿ ಸಂಸಾರ ಸಾಗಿಸುವುದು ಕಷ್ಟ, ನಿಜ. ಆದರೆ ತಂದೆಯ ಭವಿಷ್ಯನಿಧಿಗೆ ಕೈಹಾಕದೆ, ತಾಯಿಯ ಒಡವೆಯನ್ನು ಅಡವಿಡದೆ ಓದು ಮುಗಿಸಬಹುದು. ಬಿ.ಇ. ಆದೊಡನೆ ಕೆಲಸಕ್ಕೆ ಸೇರಿದ್ದರೆ ಬರುತ್ತಿದ್ದ ಎರಡು ವರ್ಷದ ಸಂಬಳವೂ ಈ ಓದಿನ ಬೆಲೆಯೇ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಕಡಲಾಚೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದಲ್ಲಿ ಎಂ.ಎಸ್. ಬೇರೆ, ಪಿಎಚ್.ಡಿ. ಬೇರೆ. ರಾಸಾಯನಿಕ ಎಂಜಿನಿಯರಿಂಗಿನ ಪಿಎಚ್.ಡಿ. ವಿದ್ಯಾರ್ಥಿಗೆ ಅಲ್ಲಿನ ಸಂಶೋಧನಾ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಶುಲ್ಕವನ್ನು ತಾವೇ ಭರಿಸಿ, ಜೀವನಕ್ಕೂ ವೇತನ ಕೊಡುತ್ತವೆ, ಬಿ.ಇ. ಆದವರೂ ನೇರವಾಗಿ ಸೇರಬಹುದು. ಎಂ.ಎಸ್. ವಿದ್ಯಾರ್ಥಿ ಮಾತ್ರ ಬಹುಮಟ್ಟಿಗೆ ತನ್ನ ಹಣದಲ್ಲೇ ಓದಬೇಕು. ನಮ್ಮ ಮಧ್ಯಮ ವರ್ಗದ ಮನೆಗಳು ಮನೆಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆಯುವುದು ಹೆಚ್ಚಾಗಿ ಈ ಎರಡನೆಯ ಹಾದಿಗೆ. ಓದು ಮುಗಿದಾಗ ಕೆಲಸ ಸಿಕ್ಕದಿದ್ದರೂ, ವೀಸಾ ಮುಗಿದು ಹಿಂದಿರುಗಬೇಕಾಗಿ ಬಂದರೂ, ಡಾಲರಿನ ಸಾಲವನ್ನು ರೂಪಾಯಿಯ ಸಂಬಳದಲ್ಲಿ ತೀರಿಸಬೇಕಾಗುತ್ತದೆ. 2025ರಲ್ಲಿ ಅಮೆರಿಕದ ಸಂಶೋಧನಾ ಅನುದಾನಗಳು ಕಡಿತಗೊಂಡು ಕೆಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶವನ್ನೂ ಬಿಗಿಮಾಡಿದವು. ಆದ್ದರಿಂದ ಹಿಂದೆ ಹೋದವರ ಅನುಭವವೊಂದನ್ನೇ ನೆಚ್ಚದೆ, ಆಯಾ ವಿಭಾಗದ ಈಗಿನ ಸ್ಥಿತಿಯನ್ನು ವಿಚಾರಿಸಿ ಅರ್ಜಿ ಹಾಕುವುದು ಲೇಸು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುಮಟ್ಟಿಗೆ ಇಲ್ಲ. ಎಲ್ಲಿಯೂ ಇಲ್ಲವೆಂದು ತಿಳಿಯಬಾರದು. ಬಾಡೆನ್-ವುರ್ಟೆಂಬರ್ಗ್ ಪ್ರಾಂತದಲ್ಲಿ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕ ಬಂದಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ವಿಧಿಸಿದೆ. ಶುಲ್ಕವಿಲ್ಲದ ಕಡೆಯೂ ಒಂದು ವರ್ಷದ ಜೀವನವೆಚ್ಚವನ್ನು ಬ್ಯಾಂಕಿನ ಖಾತೆಯೊಂದರಲ್ಲಿ ಮುಂಗಡವಾಗಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋ ಆಯಿತು. ತರಗತಿಯ ಪಾಠ ಇಂಗ್ಲಿಷಿನಲ್ಲಿದ್ದರೂ ಕಾರ್ಖಾನೆಯ ಮಾತು ಜರ್ಮನ್ ಭಾಷೆಯದೇ. ಅದನ್ನು ಇಲ್ಲಿರುವಾಗಲೇ ಕಲಿಯತೊಡಗಿದವರಿಗೆ ಅಲ್ಲಿ ಹಾದಿ ಸುಗಮ.

ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಒಂದೇ ವರ್ಷ. ಕಾಲ ಉಳಿಯುತ್ತದೆ, ಶುಲ್ಕ ಭಾರಿ. ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಜೀವರಾಸಾಯನಿಕ ಎಂಜಿನಿಯರಿಂಗಿಗೆ ಪ್ರತ್ಯೇಕ ವಿಭಾಗವೇ ಇರುವುದು ಅಲ್ಲಿನ ವಿಶೇಷ. ಕಾಮನ್‌ವೆಲ್ತ್, ಚೀವನಿಂಗ್ ಮೊದಲಾದ ವಿದ್ಯಾರ್ಥಿವೇತನಗಳಿಗೆ ಪ್ರಯತ್ನಿಸದೆ ಸ್ವಂತ ಖರ್ಚಿನಲ್ಲಿ ಹೊರಡುವುದು ಉಳ್ಳವರಿಗೆ ಮಾತ್ರ ಸರಿ.

ಹೊರನಾಡಿಗೆ ಹೋಗಿ ಕಲಿತು ಬಂದವರು ಈ ಶಾಸ್ತ್ರವನ್ನು ನಮ್ಮಲ್ಲಿ ಎಷ್ಟು ಬೆಳೆಸಿದರೆಂಬುದನ್ನೂ ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಎಲ್.ಕೆ. ದೊರೈಸ್ವಾಮಿಯವರು ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ಪುಣೆಯ ಪ್ರಯೋಗಾಲಯದ ನಿರ್ದೇಶಕರಾದರು. ಎಂ.ಎಂ. ಶರ್ಮಾ ಅವರು ಕೇಂಬ್ರಿಜ್ಜಿನಿಂದ 1964ರಲ್ಲಿ ಮುಂಬಯಿಗೆ ಮರಳಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿಯೇ ಪ್ರಾಧ್ಯಾಪಕರಾಗಿ, 1990ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆ ಗೌರವ ಪಡೆದ ಭಾರತದ ಮೊದಲ ರಾಸಾಯನಿಕ ಎಂಜಿನಿಯರ್ ಅವರು.

ಹೆಣ್ಣುಮಕ್ಕಳಿಗೆ ತಕ್ಕುದೇ?

ಹೆಣ್ಣುಮಗಳು ಈ ಶಾಸ್ತ್ರ ಓದಿದರೆ “ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡಬೇಕಾದೀತು” ಎಂದು ಹಿಂದೆಗೆಯುವ ಹಿರಿಯರು ಈಗಲೂ ಇದ್ದಾರೆ. ಪೆನಿಸಿಲಿನ್ನಿನ ಕಾರ್ಖಾನೆ ಕಟ್ಟಿದ ಮಹಿಳೆಯ ಕಥೆಯನ್ನು ಮೇಲೆ ಹೇಳಿದ್ದೇ ಆಯಿತು. ನಮ್ಮ ಊರಿನದೇ ನಿದರ್ಶನ ಬೇಕೆಂದರೆ ಕಿರಣ್ ಮಜುಂದಾರ್ ಶಾ ಅವರನ್ನು ನೋಡಬಹುದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪದವಿ ಪಡೆದು, ಆಸ್ಟ್ರೇಲಿಯದ ಬ್ಯಾಲರಟ್ಟಿನಲ್ಲಿ ಬಿಯರ್ ತಯಾರಿಕೆಯ ವಿದ್ಯೆ, ಎಂದರೆ ಹುದುಗಿಸುವ ವಿದ್ಯೆಯನ್ನು, 1975ರಲ್ಲಿ ಕಲಿತು ಬಂದರು. ಹೆಣ್ಣೆಂಬ ಕಾರಣಕ್ಕೆ ಆ ಉದ್ಯೋಗ ಅವರಿಗೆ ಒದಗಲಿಲ್ಲ. 1978ರಲ್ಲಿ ಬೆಂಗಳೂರಿನ ಮೋಟಾರು ಕೊಟ್ಟಿಗೆಯೊಂದರಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿ ಪರಂಗಿಕಾಯಿಯ ಹಾಲಿನಿಂದ ಕಿಣ್ವ ತೆಗೆಯಲು ತೊಡಗಿದರು. 2004ರಲ್ಲಿ ಅದೇ ಸಂಸ್ಥೆ ಯೀಸ್ಟಿನ ಸಹಾಯದಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಬಿಯರಿನ ಹಂಡೆಯಲ್ಲಿ ಕಲಿತ ವಿದ್ಯೆಯ ತಳಹದಿಯ ಮೇಲೆಯೇ ಮಧುಮೇಹದ ಮದ್ದಿನ ಉದ್ಯಮವೂ ಎದ್ದಿತು. ಇನ್ನು ರಾತ್ರಿಪಾಳಿಯ ಮಾತು: ಕರ್ನಾಟಕ ಸರ್ಕಾರ 2019ರಲ್ಲಿ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿಪಾಳಿಗೆ ರಕ್ಷಣೆಯ ನಿಬಂಧನೆಗಳೊಡನೆ ಅನುಮತಿ ಕೊಟ್ಟಿದೆ. ಕಾರ್ಖಾನೆಯ ಹೊರಗೂ ವಿನ್ಯಾಸದ ಕಚೇರಿ, ಗುಣಪರೀಕ್ಷೆ, ಸಂಶೋಧನೆ, ಸುರಕ್ಷತೆ ಮೊದಲಾದ ಬೇಕಾದಷ್ಟು ಕೆಲಸಗಳಿವೆ.

ನಿರ್ಧಾರಕ್ಕೆ ಮೊದಲು

ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದೊಳ್ಳೆಯದು. ಮಗುವಿಗೆ ಕಾರ್ಖಾನೆಯ ಗಡಿಬಿಡಿ ಇಷ್ಟವೋ, ಪ್ರಯೋಗಶಾಲೆಯ ನಿಶ್ಶಬ್ದ ಇಷ್ಟವೋ? ಜೀವಶಾಸ್ತ್ರದಲ್ಲಿ ನಿಜವಾದ ಒಲವುಂಟೋ, ಹೆಸರು ಹೊಸದೆಂಬ ಆಕರ್ಷಣೆ ಮಾತ್ರವೋ? ಸೇರಬೇಕೆಂದಿರುವ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ತಾವೇ ಕೈಯಿಟ್ಟು ನಡೆಸಬಹುದಾದ ಹಂಡೆಗಳೂ ಯಂತ್ರಗಳೂ ಇವೆಯೋ, ಬರಿಯ ಹೊತ್ತಗೆಯ ಪಾಠವೋ? ಅಲ್ಲಿಂದ ಹಿಂದಿನ ವರ್ಷ ಹೊರಬಂದವರು ಈಗ ಎಲ್ಲಿದ್ದಾರೆ? ಕಡೆಯದಾಗಿ, ಖರ್ಚನ್ನು ಸಂಸ್ಥೆ ಹೊರುತ್ತದೋ, ಸರ್ಕಾರ ಹೊರುತ್ತದೋ, ತಂದೆತಾಯಿಗಳು ಹೊರಬೇಕೋ?

ಇವಕ್ಕೆ ಉತ್ತರ ಹೊಳೆಯದಿದ್ದರೆ ಗಾಬರಿಯಾಗಬೇಕಾಗಿಲ್ಲ. ಒಂದೆರಡು ವರ್ಷ ಯಾವುದಾದರೂ ಕಾರ್ಖಾನೆಯಲ್ಲಿ ದುಡಿದು ಬರಲಿ. ಗೇಟ್ ಅಂಕಕ್ಕೆ ಮೂರು ವರ್ಷ ಆಯುಸ್ಸಿರುವುದರಿಂದ ಅದು ಅಷ್ಟರಲ್ಲಿ ಹಳಸದು. ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ಅದರ ಕಾವನ್ನು ಕಂಡವರಿಗೆ ಮುಂದೆ ಏನು ಕಲಿಯಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಹೀಗೆ ತಿಳಿದು ಆರಿಸಿಕೊಂಡ ಓದು ಮಕ್ಕಳಿಗೂ ಹೊರೆಯಾಗದು, ಮನೆಗೂ ಹೊರೆಯಾಗದು.